ಹಂಸ ಕುಂಟಿದ್ದು ಯಾವ ನೆಲದ ಮೇಲೆ

ಕುದುರೆ ನನ್ನ ಮುಂದೆಯೇ ನಾಗಾಲೋಟದಲ್ಲಿ ಹಾದುಹೋಯಿತು, ಗೊರಸಿನ ಸದ್ದೇ ಕೇಳಲಿಲ್ಲ. ಬೆಂಗಳೂರಿಗೆ ಬಂದ ಎರಡನೆಯ ದಿನ ಅದು. ನಗರದ ಅಂಚಿನಲ್ಲಿ, ಪಶುವೈದ್ಯೆಯಾಗಿ ಕೆಲಸಕ್ಕೆ ಸೇರಿದ ಖಾಸಗಿ ರೇಸ್ ಕುದುರೆ ತರಬೇತಿ ಕೇಂದ್ರದ ಬೇಲಿಗೆ ಒರಗಿ ನಿಂತಿದ್ದ ನನಗೆ ಕಿವಿಯೇ ಕೆಟ್ಟಿತೇನೋ ಅನ್ನಿಸಿತು. ಧೂಳೂ ಏಳಲಿಲ್ಲ. ಬಗ್ಗಿ ನೆಲ ಮುಟ್ಟಿದೆ. ಮರಳೇ, ಆದರೆ ಮೇಣ ಹಚ್ಚಿದ ಮರಳು. ಒಳಗೆ ನೂಲಿನ ಎಳೆಗಳು, ರಬ್ಬರಿನ ಚೂರುಗಳು. ಇಲ್ಲಿಯವರು ಅದನ್ನು ‘ಸಿಂಥೆಟಿಕ್’ ಅನ್ನುತ್ತಾರೆ. ಪಕ್ಕದಲ್ಲೇ ಹಳೆಯ ಮಣ್ಣಿನ ಟ್ರ್ಯಾಕೂ ಇತ್ತು.

ಇದನ್ನು ಓದುತ್ತಿರುವ ನಮ್ಮ ಜಮಖಂಡಿ ಸೀಮೆಯ ನಿಮಗೆ ಮಣ್ಣಿನ ಮೇಲೆ ಕುದುರೆ ಹೇಗೆ ಓಡುತ್ತದೆಂದು ನಾನು ಹೇಳಬೇಕಾಗಿಲ್ಲ. ಅಪ್ಪ ಗಾಡಿ ಓಟದ ಶರ್ಯತ್ತಿಗೆ ಕುದುರೆ ಸಾಕಿದವರು. ನನಗೆ ಹನ್ನೆರಡು ವರ್ಷವಿದ್ದಾಗ ಅವರ ಕುದುರೆ ಒಣಗಿ ಕಲ್ಲಾದ ಮಣ್ಣಿನ ಹೆಂಟೆಯ ಮೇಲೆ ಕಾಲಿಟ್ಟು ಮುಂಗಾಲು ಮುರಿದುಕೊಂಡಿತು. ಉಳಿಯಲಿಲ್ಲ. ಪಶುವೈದ್ಯೆಯಾಗಬೇಕು ಅನ್ನಿಸಿದ್ದು ಆವತ್ತು. ಅಂದಿನಿಂದ ಮಣ್ಣಿನ ಮೇಲೆ ನನಗೊಂದು ಸಿಟ್ಟು. ಹಾಗಾಗಿ ಈ ಮೆತ್ತನೆಯ ನೆಲ ನೋಡಿ, ವಿಚಿತ್ರ ಅನ್ನಿಸಿದರೂ, ಸಮಾಧಾನವಾಯಿತು.

ಚಾಮರಾಜಪೇಟೆಯಲ್ಲಿ ಸರೋಜಮ್ಮ ಎಂಬ ನಿವೃತ್ತ ಶಿಕ್ಷಕಿಯ ಮಹಡಿ ಬಾಡಿಗೆಗೆ ಸಿಕ್ಕಿತು. “ಜಳಕ ಮಾಡಿ ಬರ್ತೀನ್ರಿ” ಎಂದರೆ ಅವರು “ಸ್ನಾನಾನಾ?” ಎಂದು ಖಚಿತಪಡಿಸಿಕೊಳ್ಳುತ್ತಿದ್ದರು. ಗಾಂಧಿ ಬಜಾರಿನಲ್ಲಿ ರೊಟ್ಟಿ ಕೇಳಿದೆ, ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿ ಬಂತು. ರುಚಿಯಾಗಿತ್ತು, ನಾನು ಕೇಳಿದ್ದು ಅದಲ್ಲ ಅಷ್ಟೇ. ಭಾನುವಾರ ಮಾತಾಡಲು ಯಾರೂ ಇಲ್ಲದೆ ಲಾಲ್‌ಬಾಗಿಗೆ ನಡೆದುಹೋಗಿ, ಬರುವಾಗ ಮಾವಳ್ಳಿಯ ಸಂದಿಗಳಲ್ಲಿ ದಾರಿ ತಪ್ಪುತ್ತಿದ್ದೆ. ಎಲ್ಲಕ್ಕಿಂತ ನನ್ನನ್ನು ಗೋಳಾಡಿಸಿದ ಮಾತು ‘ಒಂಥರಾ’. ಒಂದು ತರಹ ಎಂಬುದರ ಮೊಟಕು. ಇಲ್ಲಿ ಕಾಫಿ ಒಂಥರಾ, ಜ್ವರ ಒಂಥರಾ, ಪಕ್ಕದ ಮನೆಯವರೂ ಒಂಥರಾ. ಯಾವ ತರಹ ಎಂದು ಯಾರೂ ಹೇಳುವುದಿಲ್ಲ.

ಕೇಂದ್ರದಲ್ಲಿ ಹಂಸ ಎಂಬ ನಾಲ್ಕು ವರ್ಷದ ಹೆಣ್ಣುಕುದುರೆಯಿದ್ದಳು. ಮಣ್ಣಿನ ಟ್ರ್ಯಾಕಿನಲ್ಲಿ ಓಡಿ ಮುಂಗಾಲು ಊದಿತ್ತು. ಇನ್ನು ಸಿಂಥೆಟಿಕ್ ಮೇಲೆ ಮಾತ್ರ ಓಡಿಸಿ ಎಂದು ಬರೆದುಕೊಟ್ಟವಳು ನಾನೇ. ಊತ ಇಳಿಯಿತು. ಮಳೆಯ ಮರುದಿನ ಮಣ್ಣಿನ ಟ್ರ್ಯಾಕ್ ಕೆಸರಾಗಿ, ಉಳಿದ ಕುದುರೆಗಳು ಲಾಯದಲ್ಲೇ ಇದ್ದರೂ ಹಂಸ ಓಡುತ್ತಿದ್ದಳು. ಎರಡು ತಿಂಗಳು ನಾನು ಗೆದ್ದವಳಂತೆ ಓಡಾಡಿದೆ.

ರೇಸಿಗೆ ಒಂದು ವಾರವಿರುವಾಗ, ಅವಳ ಸವಾರ ಶ್ರೀರಾಂಪುರದ ನಾಗರಾಜಣ್ಣ ಇಳಿದು ನನ್ನ ಬಳಿ ಬಂದರು.

“ಮೇಡಂ, ಇವ್ಳು ಒಂಥರಾ ಮಾಡ್ತಿದಾಳೆ.”

“ಯಾವ ಕಾಲ್ರಿ?”

“ಇದೇ ಕಾಲು ಅಂತ ಹೇಳಕ್ಕಾಗ್ತಿಲ್ಲ. ಹಿಂದ್ಗಡೆ ಎಲ್ಲೋ. ಮೇಲೆ ಕೂತ್ರೆ ಗೊತ್ತಾಗತ್ತೆ, ನೋಡಿದ್ರೆ ಗೊತ್ತಾಗಲ್ಲ.”

ನಾಲ್ಕೂ ಕಾಲು ಸವರಿದೆ. ಬಿಸಿಯಿಲ್ಲ, ಊತವಿಲ್ಲ. ಸಿಂಥೆಟಿಕ್ ಮೇಲೆ ಎರಡು ಸುತ್ತು ಓಡಿಸಿ ನೋಡಿದರೂ ತಪ್ಪು ಕಾಣಲಿಲ್ಲ. “ಡಾಕ್ಟ್ರೇ, ಓಡ್ಸೋದಾ, ಬೇಡ್ವಾ? ಹೇಳ್ಬಿಡಿ,” ಎಂದರು ತರಬೇತುದಾರರು. ಓಡಿಸಿ ಅನ್ನುವ ಮಾತು ಬಾಯಿಗೆ ಬಂದಿತ್ತು.

“ಮಣ್ಣಿನ ಮೇಲೆ ಒಂದ್ಸಲ ಓಡ್ಸಿ,” ಎಂದೆ. ಯಾಕೆ ಹಾಗೆಂದೆನೋ ಈಗಲೂ ಗೊತ್ತಿಲ್ಲ.

ಅಪ್ಪ ಕುದುರೆ ಕೊಳ್ಳುವಾಗ ಬೆನ್ನು ತಿರುಗಿಸಿ ನಿಂತು ಬರೀ ಗೊರಸಿನ ಸದ್ದು ಕೇಳುತ್ತಿದ್ದರು. ನಾನೂ ಬೆನ್ನು ತಿರುಗಿಸಿದೆ. ನಾಗರಾಜಣ್ಣ ಹಂಸಳನ್ನು ಗಟ್ಟಿ ಮಣ್ಣಿನ ಮೇಲೆ ನಿಧಾನವಾಗಿ ಓಡಿಸಿದರು. ಒಂದು ಪೆಟ್ಟು ಭಾರ, ಒಂದು ಹಗುರ. ಮತ್ತೆ ಭಾರ, ಮತ್ತೆ ಹಗುರ. ಹಂಸ ಒಂದು ಕಾಲಿಗೆ ಭಾರ ಹಾಕದೆ ಕುಂಟುತ್ತಿದ್ದಳು. ಎಕ್ಸ್‌ರೇಯಲ್ಲಿ ಹಿಂಗಾಲಿನ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ರೇಸಿನಲ್ಲಿ ಬಿಟ್ಟಿದ್ದರೆ ಅದು ಮುರಿಯುತ್ತಿತ್ತು.

ಎಲ್ಲರೂ ನನ್ನನ್ನು ಹೊಗಳಿದರು. ನನಗೆ ಸಂತೋಷವಾಗಲಿಲ್ಲ. ಮಣ್ಣಿನಲ್ಲಿ ಗೊರಸು ತುಸು ಜಾರಿ ನಿಲ್ಲುತ್ತದೆ, ಮೇಣದ ಮರಳು ಅದನ್ನು ಅಲ್ಲೇ ಹಿಡಿಯುತ್ತದೆ. ಆ ಹಿಡಿತದಿಂದ ಹಿಂಗಾಲಿಗೆ ಪೆಟ್ಟಾಯಿತೇ? ಅಥವಾ ಬಿರುಕು ಮಣ್ಣಿನಲ್ಲಿ ಓಡುವಾಗಲೇ ಶುರುವಾಗಿತ್ತೇ? ಹಿರಿಯ ವೈದ್ಯರಲ್ಲಿ ಒಬ್ಬರು ಮೇಣದ ಮರಳಿನದೇ ತಪ್ಪು ಎಂದರು, ಇನ್ನೊಬ್ಬರು ಅದಕ್ಕೆ ನಕ್ಕರು. ಕೊನೆಗೆ ನಾಗರಾಜಣ್ಣನನ್ನೇ ಕೇಳಿದೆ.

“ನಂಗೂ ಗೊತ್ತಿಲ್ಲ ಮೇಡಂ,” ಎಂದರು. “ನಾನು ಎರಡ್ರ ಮೇಲೂ ಬಿದ್ದಿದೀನಿ.”

ಹಂಸ ಈಗ ಲಾಯದಲ್ಲಿ ವಿಶ್ರಾಂತಿಯಲ್ಲಿದ್ದಾಳೆ. ಮೊನ್ನೆ ಸಂಜೆ ಸರೋಜಮ್ಮ ಮೆಟ್ಟಿಲ ಬಳಿ ತಡೆದು, “ಮುಂದಿನ ವರ್ಷಾನೂ ಇರ್ತೀರಾ ಅಲ್ವಾ?” ಎಂದು ಕೇಳಿದರು. “ಇರ್ತೀನಿ,” ಎಂದೆ, ಮನಸಾರೆ. ಮೇಲೆ ಹೋಗುವಷ್ಟರಲ್ಲಿ ಅಪ್ಪನ ಫೋನು.

“ಯಾವಾಗ ಬರ್ತಿ ವಾಪಸ್?”

“ಈ ವರ್ಷ ಮುಗೀಲಿ ಅಪ್ಪಾ, ಬಂದಬಿಡ್ತೇನಿ.” ಅದನ್ನೂ ಮನಸಾರೆಯೇ ಹೇಳಿದೆ.

“ಆ ಕುದುರಿ?”

“ಮತ್ತ ಯಾವ ನೆಲದ ಮ್ಯಾಲ ಬಿಡಬೇಕಂತ ತಿಳಿವಲ್ದಪ್ಪಾ.”

“ತಿಳಿಯೋತನಕ ಅಲ್ಲೇ ಇರು,” ಎಂದರು ಅಪ್ಪ. ಫೋನು ಇಡುವ ಮುನ್ನ, “ತಿಳೀಲಿಲ್ಲಂದ್ರ ಮನಿಗೆ ಬಾ,” ಎಂದರು.