ಕುದುರೆ ನೋಡಲು ಹೋದ ಸಂಘ

ಬೆಳಗಿನ ಚಹಾ ಇವತ್ತೂ ಆರಿಹೋಯಿತು. ಕಾರಣ ಫೋನು. ನನಗೆ ಸಾಲ ಮಂಜೂರಾಗಿದೆಯೆಂದು ಒಂದು ಹೆಣ್ಣುದನಿ ಅಭಿನಂದಿಸಿತು. ನಾನು ಕೇಳಿರಲಿಲ್ಲ. ಯಾತಕ್ಕೆ ಬೇಕೆಂದು ಅವಳೂ ಕೇಳಲಿಲ್ಲ. ವಾರದಿಂದ ಇದೇ ನಡೆದಿದೆ. ಬೇಡವೆಂದರೂ ಸಾಲ ಬಿಡದ ಈ ಕಾಲದಲ್ಲಿ ಕೂತು, ಸಾಲ ಕೇಳಿದವನ ಪ್ರಾಣ ತಿನ್ನುತ್ತಿದ್ದ ನಮ್ಮ ಮುನವಳ್ಳಿಯ ಪತ್ತಿನ ಸಂಘವನ್ನು ನೆನೆದರೆ, ಯಾರ ಮೇಲೆ ಸಿಟ್ಟಾಗಬೇಕು, ನೀವೇ ಹೇಳಿ.

ಎಪ್ಪತ್ತರ ದಶಕ. ನಾನು ಆ ಸಂಘದ ಗುಮಾಸ್ತ. ಊರ ಮಂದಿಯೇ ತಮ್ಮ ರೊಕ್ಕ ಕೂಡಿಸಿ ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಸಂಘ. ಎಮ್ಮೆಗೆ ಸಾಲ ಕೇಳಿದರೆ ಪಂಚ ಕಮಿಟಿಯವರೆಲ್ಲ ಎಮ್ಮೆ ನೋಡಲು ಹೋಗುವರು. ಹೊಲಿಗೆ ಯಂತ್ರಕ್ಕೆ ಕೇಳಿದರೆ ಒಬ್ಬರು ತಮ್ಮ ಹರಿದ ಅಂಗಿ ಹಿಡಿದುಕೊಂಡೇ ಹೋಗುವರು. ಇದು ನಿಯಮದಲ್ಲಿಲ್ಲ ಎಂದು ಹೇಳಿ ಹೇಳಿ ಸೋತೆ. ನಿಯಮ ಓದಿದ್ದವನು ನಾನೊಬ್ಬನೇ. ಅದರಿಂದ ಯಾರಿಗೂ ಉಪಯೋಗವಾದದ್ದು ಕಾಣೆ.

ಹುಸೇನಸಾಬ ಸವದತ್ತಿ ದಾರಿಗೆ ಟಾಂಗಾ ಹೊಡೆಯುತ್ತಿದ್ದ. ಅವನ ಕುದುರೆ ಸತ್ತಿತು. ಟಾಂಗಾ ನಿಂತರೆ ಆ ಮನೆಯ ಒಲೆಯೂ ನಿಂತಂತೆ. ಕಟಕೋಳದ ದಲಾಲಿಯೊಬ್ಬ ಕೆಂದು ಕುದುರೆಯೊಂದನ್ನು ತಂದು ತೋರಿಸಿದ. ಅದಕ್ಕೆ ಸಾಲ ಕೇಳಿ ಹುಸೇನಸಾಬ ಸಂಘಕ್ಕೆ ಬಂದ.

ಪಂಚರು ಎಂದಿನಂತೆ ಹೊರಟರು. ಹಲ್ಲು ನೋಡಿದರು, ಗೊರಸು ನೋಡಿದರು, ಮೈಮೇಲಿನ ಸುಳಿಗಳ ಬಗ್ಗೆ ಜಗಳವಾಡಿದರು. ಕಡೆಗೆ ಅಧ್ಯಕ್ಷರಾದ ಎಣ್ಣೆ ಗಾಣದ ಈರಪ್ಪನವರು, "ಓಡಿಸಿ ನೋಡೂಣು" ಎಂದು ಟಾಂಗಾ ಹತ್ತಿದರು. ಕೆಳಗೆ ಉಳಿದರೆ ಮರ್ಯಾದೆ ಹೋದೀತೆಂದು ಉಳಿದವರೂ ಹತ್ತಿದರು. ಎಲ್ಲರೂ ಚೆನ್ನಾಗಿ ಉಂಡು ಬಂದವರು. ನಾನು ನಡೆದು ಹಿಂಬಾಲಿಸಿದೆ.

ಹೊಳೆಯ ಏರಿನಲ್ಲಿ ಕುದುರೆ ಮುಂಗಾಲು ಮಡಿಸಿ ಕುಸಿಯಿತು. ಕುದುರೆ ಹೂಡುವ ಉದ್ದನೆಯ ಮರ, ಟಾಂಗಾದ ಮೂಕಿ, ಮುರಿಯಿತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಪಂಚರು ಒಬ್ಬರ ಮೇಲೊಬ್ಬರು ಜಾರಿ ಬಿದ್ದರು, ಯಾರಿಗೂ ಪೆಟ್ಟಾಗಲಿಲ್ಲ. ಹುಸೇನಸಾಬ ರಸ್ತೆಯಲ್ಲೇ ಕುಳಿತು ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ.

"ಇದು ನಡಿಯೂದಿಲ್ಲಪಾ," ಎಂದರು ಈರಪ್ಪನವರು, ಧೋತರ ಝಾಡಿಸುತ್ತ. "ಮೊಣಕಾಲಾಗ ದಮ್ಮಿಲ್ಲ."

"ಇಷ್ಟು ಮಂದಿ ಹತ್ತಿದ್ರ ಐರಾವತಾನೂ ಕುಂಡರತೈತ್ರಿ!" ಹುಸೇನಸಾಬ ಕೂಗಿದ. "ಸಾವಕಾರನ ಕಡೆ ಹೋಗಿದ್ರ ನಿನ್ನೆನ ರೊಕ್ಕ ಕೊಡತಿದ್ದ. ಕುದುರಿ ಬಾಲಾನೂ ನೋಡತಿರಲಿಲ್ಲ!"

"ಅಂವ ಯಾಕ ನೋಡ್ಯಾನ? ಕುದುರಿ ಸತ್ತರ ಅಂವಗ ನಿನ್ನ ಮನಿ ಐತಿ. ನಮಗ ನಿನ್ನ ಮನಿ ತಗೊಂಡು ಏನ ಮಾಡೂದೈತಿ?" ಈರಪ್ಪನವರು ದನಿ ಇಳಿಸಿದರು. "ಕುದುರಿ ಬ್ಯಾಡ ಅಂದೇವಿ. ನಿನ್ನ ಬ್ಯಾಡ ಅಂದಿಲ್ಲ."

ಕುದುರೆ ಹೇಗೋ ಎದ್ದಿತು. ದಲಾಲಿ ಬೈದುಕೊಳ್ಳುತ್ತ ಹೊಡೆದುಕೊಂಡು ಹೋದ. ಮುರಿದವರೇ ಮೂಕಿ ಕೂಡಿಸಿಕೊಟ್ಟರು. ಬೇರೆ ಕುದುರೆ ಸಿಗುವವರೆಗೆ ಈರಪ್ಪನವರ ಗಾಣದ ಎತ್ತು ಟಾಂಗಾ ಎಳೆಯಿತು. ಸುತ್ತಿ ಸುತ್ತಿ ರೂಢಿಯಾದ ಪ್ರಾಣಿ. ಬಯಲು ಕಂಡಲ್ಲೆಲ್ಲ ಒಂದು ಸುತ್ತು ಹಾಕದೆ ಮುಂದೆ ಹೋಗದು. "ಹುಸೇನಭಾಯಿ, ಎಣ್ಣಿ ಯಾವಾಗ ಬರತೈತಿ?" ಎಂದು ಸವಾರಿಯವರು ಕೆಣಕುವರು. ಅವನು ಇಡೀ ಕಮಿಟಿಯನ್ನು ಹೆಸರು ಹಿಡಿದು ಬೈಯುವನು. ಆದರೆ ಸಂಜೆ ಮನೆಗೆ ಹಿಟ್ಟು ಒಯ್ಯುವನು.

ಆಮೇಲೆ ಹೂಲಿಯಲ್ಲೊಂದು ಹೆಣ್ಣು ಕುದುರೆ ಸಿಕ್ಕಿತು. ಮತ್ತೆ ಎಲ್ಲರೂ ಹೊರಟರು. ಅದೇ ಹಲ್ಲು, ಅದೇ ಸುಳಿ, ಅದೇ ಜಗಳ. ನಾನು ಕೈಮುಗಿದು ಬೇಡಿಕೊಂಡ ಮೇಲೆ, ಟಾಂಗಾವನ್ನು ಒಬ್ಬೊಬ್ಬರಾಗಿ ಹತ್ತಿದರು. ಅದರಿಂದ ಹೊತ್ತು ಮುಳುಗಿತು, ಆದರೆ ಸಾಲ ಮಂಜೂರಾಯಿತು. ಆ ಕುದುರೆ ಹುಸೇನಸಾಬನ ಮಗಳ ಲಗ್ನದವರೆಗೂ ದುಡಿಯಿತು.

ಇಷ್ಟು ಬರೆಯುವಷ್ಟರಲ್ಲಿ ಮತ್ತೆ ಫೋನು. ಅದೇ ಹುಡುಗಿ. "ಸರ್, ಯಾವುದಕ್ಕೆ ಬೇಕಾದರೂ ಬಳಸಿಕೊಳ್ಳಬಹುದು."

"ಕುದುರಿ ನೋಡಾಕ ಯಾರ ಬರತೀರವಾ?" ಎಂದೆ, ರೇಗಿ.

ಆ ಕಡೆ ಬರೆದಿಟ್ಟದ್ದನ್ನು ಓದುತ್ತಿದ್ದ ದನಿ ನಿಂತಿತು. "ಯಾವ ಕುದುರೆ, ಸರ್?"

ವಾರದಲ್ಲಿ ಆ ಕಡೆಯಿಂದ ಬಂದ ಮೊದಲ ಪ್ರಶ್ನೆ. ಚಹಾ ಹೇಗೂ ಆರಿತ್ತು. ಫೋನಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ಹುಸೇನಸಾಬನಿಂದ ಹೇಳಲು ಶುರುಮಾಡಿದೆ.