ಕೌದಿಯೊಳಗಿನ ಐದು ಅಕ್ಕಿಕಾಳು

ನನಗೆ ಎದುರಿಗಿರುವ ವಸ್ತು ಕಾಣುವುದಿಲ್ಲ. ದೋಷ ಕಣ್ಣಿನದಲ್ಲ, ಸ್ವಭಾವದ್ದು. ಪುಣೆಯ ಹೊರವಲಯದ ಭೋಸರಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಸ್ಟೋರ್‌ಕೀಪರ್ ಆಗಿದ್ದವನು ನಾನು. ಯಾವ ಬೋಲ್ಟು ಯಾವ ರ್‍ಯಾಕಿನಲ್ಲಿದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಮನೆಗೆ ಬಂದರೆ ಮಾತ್ರ ಹೆಗಲ ಮೇಲಿನ ಟವೆಲ್ಲಿಗಾಗಿ ಹೆಂಡತಿಯನ್ನು ಕೂಗುತ್ತಿದ್ದೆ.

ಇಂಥವನ ಕೈಗೆ ಎರಡು ಸಾವಿರದ ಆರೋ ಏಳೋ ಇಸವಿಯಲ್ಲಿ, ಪುಣೆಯ ಕ್ಯಾಂಪ್ ಪೇಟೆಯ ಅಂಗಡಿಯೊಂದರಲ್ಲಿ, ಕಂಪ್ಯೂಟರ್ ಆಟದ ಒಂದು ಸಿ.ಡಿ. ಸಿಕ್ಕಿತು. ಪರದೆಯ ಮೇಲೆ ಯಾವುದೋ ಪರದೇಶದ ಅಜ್ಜಿಯ ಹೊಲಿಗೆಯ ಕೋಣೆ. ಬಟ್ಟೆಯ ಗುಡ್ಡೆ, ಬುಟ್ಟಿ, ಬೆಕ್ಕು, ಹೂಕುಂಡ ಎಲ್ಲ ಒಂದರ ಮೇಲೊಂದು. ಕೆಳಗೆ ಪಟ್ಟಿ: ಕತ್ತರಿ, ಸೂಜಿ, ಆರು ಗುಂಡಿ. ಹುಡುಕಿ ಮೌಸ್ ಒತ್ತಿದರೆ ಅವು ಮಾಯ. ಪಟ್ಟಿ ಮುಗಿದಾಗ ಅಜ್ಜಿಯ ಕೌದಿಗೆ ಒಂದು ತುಂಡು ಬಟ್ಟೆ ಸೇರುತ್ತದೆ. ಕೌದಿಯೆಂದರೆ ಹಳೆಯ ಬಟ್ಟೆಗಳನ್ನು ಕೂಡಿಸಿ ಹೊಲಿದ ಹೊದಿಕೆ, ನಮ್ಮ ನೆರೆಮನೆಯವರ ಮರಾಠಿಯಲ್ಲಿ ಗೋಧಡಿ. ಯಾರ ಸಹಿಯೂ ಇಲ್ಲದೆ ಸಾಮಾನು ಮಾಯವಾಗುವುದು ನನ್ನ ಸ್ಟೋರ್‌ಕೀಪರ್ ಜೀವಕ್ಕೆ ಮೊದಮೊದಲು ಸಂಕಟವಾಯಿತು. ಆಮೇಲೆ ಆ ಬಣ್ಣದ ಕೋಣೆಯೊಳಗೆ ನನ್ನ ರವಿವಾರದ ಮಧ್ಯಾಹ್ನಗಳು ಕರಗತೊಡಗಿದವು.

ಒಂದು ರವಿವಾರ ಕತ್ತರಿ ಸಿಗದೆ ಕೂತಿದ್ದೆ. ಹಿಂದಿನ ಕುರ್ಚಿಯಲ್ಲಿದ್ದ ಅವ್ವ, "ಆ ಗಾದಿ ಕೆಳಗ ನೋಡೋ, ಬಲಗಡೆ," ಎಂದಳು. ಇತ್ತು! "ಸೂಜಿ ಕಿಟಕಿ ಪಡದಾಕ್ಕ ಚುಚ್ಚಿರತಾಳ." ಚುಚ್ಚಿದ್ದಳು. ಅವ್ವನ ಒಂದು ಕಣ್ಣಿಗೆ ಆಪರೇಶನ್ ಆಗಿತ್ತು, ಇನ್ನೊಂದು ಮಂಜು.

"ನಿನಗ ಹೆಂಗ ಕಾಣಸ್ತದವ್ವಾ?"

"ಕಾಣಸೂದಿಲ್ಲಪಾ. ಹೊಲಿಯೂವಾಕಿ ಎಲ್ಲಿ ಇಡತಾಳ ಅಂತ ವಿಚಾರ ಮಾಡಿದೆ."

ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದಕ್ಕೆ ತರ್ಕಶಾಸ್ತ್ರದವರು ಅನುಮಾನ ಪ್ರಮಾಣ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ಧಾರವಾಡದಿಂದ ಪುಣೆಗೆ ಬಂದ ನನ್ನವ್ವನಿಗೆ ಹೊಗೆಯೂ ಬೇಕಾಗಲಿಲ್ಲ.

ಹೀಗೆ ಇಬ್ಬರೂ ಸೇರಿ ಆಟದ ಕೊನೆ ಮುಟ್ಟಿದೆವು. ಕೌದಿ ಪೂರ್ತಿಯಾಗಿ ಪರದೆಯ ತುಂಬ ಪಟಾಕಿ ಹಾರಿದಾಗ ಅವ್ವನ ಮುಖ ಬಾಡಿತು. "ಅದರ ಹೊಟ್ಟೀಗೆ ಏನೂ ಹಾಕಲೇ ಇಲ್ಲಲ್ಲೋ!"

ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಅಂಚು ಮುಚ್ಚುವ ಮುನ್ನ ಒಳಗೆ ಐದು ಅಕ್ಕಿಕಾಳು ಹಾಕುವ ಪದ್ಧತಿ. ಹಸಿದ ಕೌದಿ ಬೆಚ್ಚಗಿಡುವುದಿಲ್ಲವೆಂದು ಅವಳ ನಂಬಿಕೆ. ಆಮೇಲೆ ಮೆಲ್ಲಗೆ, "ನಂದೂ ಒಂದು ಉಪವಾಸ ಕೂತದ," ಎಂದಳು.

ಕಂಪ್ಯೂಟರ್ ಮೇಜಿನ ಕೆಳಗಿನ ಟ್ರಂಕಿನಲ್ಲಿತ್ತು ಅದು. ನನಗೆಂದೇ ಹೊಲಿಯುತ್ತಿದ್ದ ಕೌದಿ. ಅವಳ ಇಳಕಲ್ಲ ಸೀರೆ, ನನ್ನ ಶಾಲೆಯ ಅಂಗಿ ಎಲ್ಲ ಅದರೊಳಗೆ. ಬಾಕಿಯಿದ್ದದ್ದು ಒಂದೇ ಅಂಚು. ದಾರ ಪೋಣಿಸಲು ಕಣ್ಣು ಸಾಗದೆ ಎರಡು ವರ್ಷದಿಂದ ಮಡಚಿಟ್ಟಿದ್ದಳು. ಇರುವಷ್ಟು ಬೆಳಕೂ ಹೋಗುವ ಮೊದಲು ಅದನ್ನು ಮುಗಿಸಬೇಕೆಂಬ ಆಸೆಯನ್ನು ಯಾರಿಗೂ ಹೇಳಿರಲಿಲ್ಲ. ಅದೇ ಟ್ರಂಕಿನ ಮೇಲೆ ಕಾಲು ಚಾಚಿ ನಾನು ಪರದೇಶದ ಅಜ್ಜಿಯ ಕೌದಿ ಮುಗಿಸಿಕೊಟ್ಟಿದ್ದೆ. ನನಗೆ ಬಹಳ ನಾಚಿಕೆಯಾಯಿತು.

ಮರುದಿನದಿಂದ ಭೋಸರಿಗೆ ಹೊರಡುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ಕಿಟಕಿಯ ಪರದೆಗೆ ಚುಚ್ಚಿ ಹೋಗುತ್ತಿದ್ದೆ. ಅವ್ವ ಬೆರಳಿನಿಂದ ತಡವಿ ತಡವಿ ಹೊಲಿಯುತ್ತಿದ್ದಳು. "ಹೊಲಿಗಿ ಸೊಟ್ಟ ಆತೋ," ಎಂದರೆ, "ಇರಲಿ ಬಿಡವಾ, ಹೊಚಗೊಳ್ಳಾಂವನೂ ಹಂಗ ಇದ್ದಾನ," ಎನ್ನುತ್ತಿದ್ದೆ. ದೀಪಾವಳಿಯ ಮುಂಚೆ ಮೂರು ಬೆರಳಗಲ ಉಳಿಯಿತು. ಅಕ್ಕಿಕಾಳು ನನ್ನ ಅಂಗೈಗಿಟ್ಟು, "ನೀನ ಹಾಕು," ಎಂದಳು. ಹಾಕಿದೆ. ಮುಚ್ಚಿದಳು. ಪಟಾಕಿ ಹಾರಲಿಲ್ಲ. ಅವ್ವ ಸೂಜಿಯನ್ನು ಕಿಟಕಿಯ ಪರದೆಗೆ ಚುಚ್ಚಿ ಚಹಾ ಕೇಳಿದಳು.

ಅವ್ವ ಈಗಿಲ್ಲ. ಆ ಸಿ.ಡಿ.ಯೂ ಎಲ್ಲೋ ಕಳೆದಿದೆ, ಹುಡುಕುವ ಗೋಜಿಗೆ ನಾನು ಹೋಗಿಲ್ಲ. ರವಿವಾರ ಮಧ್ಯಾಹ್ನ ಕೌದಿ ಹೊದ್ದು ಮಲಗಿದಾಗ, ಜೊಂಪು ಹತ್ತುವ ಹೊತ್ತಿಗೆ, ಬೆರಳು ತಾನಾಗಿಯೇ ಅಂಚಿನುದ್ದಕ್ಕೂ ಆ ಐದು ಕಾಳುಗಳನ್ನು ಹುಡುಕುತ್ತದೆ. ಇಷ್ಟು ವರ್ಷದಲ್ಲಿ ಒಂದೂ ಸಿಕ್ಕಿಲ್ಲ. ಆಗ ಅವ್ವನ ತರ್ಕವನ್ನೇ ಹಿಡಿಯುತ್ತೇನೆ: ಕೌದಿ ಬೆಚ್ಚಗಿದೆ, ಎಂದಮೇಲೆ ಕಾಳು ಇವೆ.