ಕೆಂಪರಾಜಣ್ಣನ ಬೆವರು

ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸುವ ನನ್ನಂಥ ಬೃಹಸ್ಪತಿಗಳಿಗೆ ಟ್ರಿಪ್ ಹಂಚುವವರು ದೇವನಹಳ್ಳಿಯ ಕೆಂಪರಾಜಣ್ಣ. ಕಾರು ಮಗುಚಿ ಬೆನ್ನುಹುರಿಗೆ ಪೆಟ್ಟಾದ ಮೇಲೆ ಎದೆಯಿಂದ ಕೆಳಗೆ ಅವರಿಗೇನೂ ತಿಳಿಯುವುದಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಎರಡು ಫೋನುಗಳಲ್ಲಿ ನಲವತ್ತು ಡ್ರೈವರುಗಳನ್ನು ಬೈಯುವುದೇ ಅವರ ವ್ಯಾಯಾಮ. "ಏನಪ್ಪಾ ಗುರು, ಗಾಡಿ ಹೊರಡ್ಸ್ತೀಯೋ, ಆರತಿ ಎತ್ಲೋ?" ಏಪ್ರಿಲ್ ಬಿಸಿಲಲ್ಲಿ ನಾವೆಲ್ಲ ತೊಯ್ದು ತೊಪ್ಪೆಯಾದರೂ ಅವರ ಎದೆಯ ಕೆಳಗೆ ಹನಿ ಬೆವರಿಲ್ಲ. "ನಂದು ಕೆಳಗಡೆ ಎಸಿ ಕಣೋ" ಎನ್ನುತ್ತಾರೆ. ಮೊನ್ನೆ ಮಾತ್ರ ಬೈಗುಳ ಅರ್ಧಕ್ಕೇ ನಿಂತಿತು. ಮುಖ ಕೆಂಡದಂತಾಗಿ ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಬಿಸಿಲಿನ ಝಳವೆಂದು ತೀರ್ಮಾನಿಸಿದ ನಾನು ಮಹಾವೈದ್ಯನಂತೆ ಅವರನ್ನು ಮಲಗಿಸಹೊರಟೆ. "ಮಲಗಿಸ್ಬೇಡ್ವೋ, ತಲೆ ಸಿಡೀತೈತೆ! ಪೈಪ್ ನೋಡು!" ಮೂತ್ರದ ಪೈಪು ಕುರ್ಚಿಯ ಬೆಲ್ಟಿನಡಿ ಮಡಚಿಕೊಂಡಿತ್ತು. ಕೂತವರಿಗೆಲ್ಲ ಬೆಲ್ಟು ಹಾಕುವ ಡ್ರೈವರ್ ಚಟದಿಂದ ಬೆಳಿಗ್ಗೆ ಅದನ್ನು ಬಿಗಿದವನು ನಾನೇ. ಬಿಡಿಸಿದೆ. ಪೈಪಿನ ತುದಿಯ ಚೀಲ ತುಂಬುತ್ತ ಬಂದಂತೆ ಅವರ ಮುಖ ತಣ್ಣಗಾಯಿತು. "ಮೂತ್ರ ಕಟ್ಕೊಂಡ್ರೆ ನಂಗೆ ಗೊತ್ತಾಗಲ್ಲ, ಬಿಪಿ ಏರ್ತೈತೆ. ಇನ್ನಷ್ಟು ಹೊತ್ತಾಗಿದ್ರೆ ಮೆದುಳಿನ ನರಾನೇ ಒಡೆದೋಗ್ತಿತ್ತು" ಎಂದರು. ಅವರು ಆಚೀಚೆ ನೋಡಿ ದನಿ ತಗ್ಗಿಸಿದರು: "ಲೇ, ಒಂದಕ್ಕೆ ಅವಸರ ಆದಾಗ ಹೆಂಗನ್ಸ್ತೈತೋ? ಆರು ವರ್ಷ ಆಯ್ತು, ಮರ್ತೇಹೋಗೈತೆ."